ಮನೆಯ ವರ್ಕ್‌ಶಾಪಿಗೆ ಏರ್ ಕಂಪ್ರೆಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಹಲವು ವರ್ಷಗಳಿಂದ ಮರಗೆಲಸ, ಪಾಲಿಶ್ ಮತ್ತು ಸ್ಕೂಟರು-ಕಾರಿನ ಸಣ್ಣಪುಟ್ಟ ರಿಪೇರಿ ಮಾಡಿಕೊಂಡು ಬಂದಿದ್ದೇನೆ. ಕಂಪ್ರೆಸರ್ ಕೊಳ್ಳಲು ಹೊರಟ ಸ್ನೇಹಿತರು, ನೆಂಟರು, ಅವರಿಂದ ನಂಬರು ಪಡೆದು ಫೋನು ಮಾಡಿದ ಅಪರಿಚಿತರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಅವುಗಳನ್ನು ಕೇಳಿದವರ ಮಾತಿನಲ್ಲಿಯೇ ಇಟ್ಟು, ಸುಲಭವಾದವುಗಳಿಂದ ಆರಂಭಿಸಿ ಉತ್ತರಗಳನ್ನು ಬರೆದಿದ್ದೇನೆ.

## ಕೊಳ್ಳುವ ಮೊದಲು

ಮನೆಗೆ ಕಂಪ್ರೆಸರ್ ನಿಜವಾಗ್ಲೂ ಬೇಕಾ? ಪಂಪು, ಬ್ಲೋವರ್ ಸಾಲದಾ?

ಬಹಳ ಜನರಿಗೆ ಸಾಕಾಗುತ್ತದೆ. ಕಾರು, ಬೈಕಿನ ಟೈರಿಗೆ ಗಾಳಿ ಹೊಡೆಯುವುದಷ್ಟೇ ಅಗತ್ಯವಾದರೆ 12 ವೋಲ್ಟಿನ ಪುಟ್ಟ ಇನ್‌ಫ್ಲೇಟರ್ ಸಾಕು. ಧೂಳು ಹೊಡೆಯಲು ಎಲೆಕ್ಟ್ರಿಕ್ ಬ್ಲೋವರ್ ಇದೆ. ಮರಳು ಕಾಗದ ಹಾಕಿ ಉಜ್ಜುವ ಕೆಲಸಕ್ಕೆ, ಗ್ರೈಂಡಿಂಗಿಗೆ ಮತ್ತು ಚಕ್ರದ ನಟ್ಟು ಬಿಚ್ಚುವುದಕ್ಕೆ ಇಂದು ಕರೆಂಟಿನ ಅಥವಾ ಬ್ಯಾಟರಿಯ ಟೂಲ್‌ಗಳೇ ಮನೆಯ ಮಟ್ಟಿಗೆ ಮೇಲು, ಏಕೆಂದರೆ ಅದೇ ಕೆಲಸವನ್ನು ಗಾಳಿಯಿಂದ ಮಾಡಿಸಲು ದೊಡ್ಡ ಯಂತ್ರ ಬೇಕಾಗುತ್ತದೆ. ಕಂಪ್ರೆಸರಿನ ಜಾಗವನ್ನು ಬೇರೆ ಯಾವುದೂ ಸುಲಭವಾಗಿ ತುಂಬಲಾರದ ಕೆಲಸಗಳು ನನ್ನ ಅನುಭವದಲ್ಲಿ ಎರಡೇ: ಪಿನ್ ಗನ್ನಿನಿಂದ (ಗಾಳಿಯ ಬಲದಿಂದ ಸಣ್ಣ ಮೊಳೆ ಹೊಡೆಯುವ ಟೂಲ್) ಬೀಡಿಂಗ್, ಪ್ಲೈವುಡ್ ಹೊಡೆಯುವುದು ಮತ್ತು ಸ್ಪ್ರೇ ಗನ್ನಿನಿಂದ ಪಾಲಿಶ್ ಅಥವಾ ಪೇಂಟ್ ಮಾಡುವುದು. ಇವೆರಡರಲ್ಲಿ ಒಂದಾದರೂ ನಿಮ್ಮ ಕೆಲಸವಾಗಿದ್ದರೆ ಮುಂದೆ ಓದಿ.

ಎಷ್ಟು ಎಚ್‌ಪಿ ತಗೊಳ್ಳಲಿ ಅಂತ ಒಂದೇ ಮಾತಲ್ಲಿ ಹೇಳಿಬಿಡಿ ಸರ್.

ಒಂದೇ ಮಾತಿನಲ್ಲಿ ಹೇಳುವುದಾದರೆ, ಎಚ್‌ಪಿ ನೋಡಿ ಕಂಪ್ರೆಸರ್ ಕೊಳ್ಳಬೇಡಿ. ನಿಮ್ಮ ಬಳಿ ಇರುವ ಮತ್ತು ಮುಂದಿನ ಎರಡು ವರ್ಷಗಳಲ್ಲಿ ಬರಬಹುದಾದ ಟೂಲ್‌ಗಳನ್ನು ಒಂದು ಕಾಗದದ ಮೇಲೆ ಬರೆದು, ಅವುಗಳಲ್ಲಿ ಅತಿ ಹೆಚ್ಚು ಗಾಳಿ ಕುಡಿಯುವುದು ಯಾವುದೆಂದು ಗುರುತಿಸಿ, ಅದಕ್ಕೆ ಬೇಕಾದ ಗಾಳಿಗಿಂತ ಮೂರನೇ ಒಂದು ಭಾಗದಷ್ಟು ಹೆಚ್ಚು ಕೊಡುವ ಯಂತ್ರವನ್ನು ಹುಡುಕಬೇಕು. ಎಚ್‌ಪಿ ಆ ಲೆಕ್ಕದ ಕೊನೆಯಲ್ಲಿ ತಾನಾಗಿ ಬರುತ್ತದೆ.

ಎಚ್‌ಪಿಯ ಅಂಕಿಯನ್ನೇ ನಂಬಬಾರದೆಂಬುದಕ್ಕೆ ಇನ್ನೂ ಒಂದು ಕಾರಣವಿದೆ. ನಾನು ಮೊದಲು ಕೊಂಡ ಯಂತ್ರದ ಡಬ್ಬದ ಮೇಲೆ ದಪ್ಪ ಅಕ್ಷರಗಳಲ್ಲಿ 3 ಎಚ್‌ಪಿ ಎಂದು ಬರೆದಿತ್ತು. ಮನೆಗೆ ತಂದು ಮೋಟಾರಿನ ಪಕ್ಕದ ಪಟ್ಟಿಯ ಮೇಲಿನ ಗ್ರೀಸನ್ನು ಬಟ್ಟೆಯಿಂದ ಒರೆಸಿ ನೋಡಿದಾಗ ಅಲ್ಲಿದ್ದದ್ದು 1100 ವ್ಯಾಟ್. ಒಂದು ಎಚ್‌ಪಿ ಎಂದರೆ 746 ವ್ಯಾಟ್, ಆದ್ದರಿಂದ ಅದು ಒಂದೂವರೆ ಎಚ್‌ಪಿಯನ್ನೂ ದಾಟದ ಯಂತ್ರ. ಅಂಗಡಿಯಲ್ಲಿ ಡಬ್ಬವನ್ನು ಬಿಟ್ಟು ಆ ಪಟ್ಟಿಯನ್ನು ಓದಿ.

ಬಾರ್, ಪಿಎಸ್‌ಐ, ಕೆಜಿ, ಸಿಎಫ್‌ಎಂ... ಒಂದೂ ತಲೆಗೆ ಹೋಗಲ್ಲ.

ಇವುಗಳಲ್ಲಿ ಮೊದಲ ಮೂರು ಒತ್ತಡದ ಅಳತೆಗಳು, ಕೊನೆಯದು ಪ್ರಮಾಣದ ಅಳತೆ. 1 ಬಾರ್ ಎಂದರೆ ಸುಮಾರು 14.5 ಪಿಎಸ್‌ಐ. ಮೆಕ್ಯಾನಿಕ್‌ಗಳು "ಎಂಟು ಕೆಜಿ ಇದೆ" ಎನ್ನುವುದು ಚದರ ಸೆಂಟಿಮೀಟರಿಗೆ ಎಂಟು ಕಿಲೋ ಎಂಬರ್ಥದಲ್ಲಿ, ಮತ್ತು ಅದು ಹೆಚ್ಚುಕಡಿಮೆ ಬಾರ್‌ಗೆ ಸಮ. ಸಿಎಫ್‌ಎಂ ಎಂದರೆ ಒಂದು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬ ಲೆಕ್ಕ. ಒಂದು ಸಿಎಫ್‌ಎಂ ನಿಮಿಷಕ್ಕೆ 28.3 ಲೀಟರಿಗೆ ಸಮ. ಮನೆಯ ಓವರ್‌ಹೆಡ್ ಟ್ಯಾಂಕಿನ ಎತ್ತರವನ್ನು ಒತ್ತಡವೆಂದೂ, ಬೋರಿನಿಂದ ನಿಮಿಷಕ್ಕೆ ಬರುವ ನೀರನ್ನು ಸಿಎಫ್‌ಎಂ ಎಂದೂ ಭಾವಿಸಿದರೆ ಗೊಂದಲ ಹೋಗುತ್ತದೆ. ಹೆಚ್ಚಿನ ಮನೆ ಕಂಪ್ರೆಸರ್‌ಗಳು 8 ಬಾರ್ ತನಕ ಒತ್ತಡ ಕೊಡುತ್ತವೆ, ಟೂಲ್‌ಗಳು ಕೇಳುವುದು 2ರಿಂದ 6 ಬಾರ್. ಹಾಗಾಗಿ ಒತ್ತಡ ಸಾಲದೆ ಹೋಗುವುದು ಅಪರೂಪ; ಸಾಲದೆ ಹೋಗುವುದು ಪ್ರಮಾಣ.

ಯಾವ ಟೂಲಿಗೆ ಎಷ್ಟು ಗಾಳಿ ಬೇಕಾಗುತ್ತೆ?

ಟೂಲಿನ ಜೊತೆ ಬರುವ ಚೀಟಿಯ ಅಂಕಿಯೇ ಅಂತಿಮ, ಆದರೂ ಅಂದಾಜಿಗೆ ಇಷ್ಟು ಹೇಳಬಹುದು. ಪಿನ್ ಗನ್ ಒಂದು ಮೊಳೆಗೆ ಸುಮಾರು ಒಂದು ಲೀಟರ್ ಗಾಳಿ ಬಳಸುತ್ತದೆ. ಮೊಳೆ ಮೊಳೆಯ ನಡುವೆ ಬಿಡುವಿರುವುದರಿಂದ 1ರಿಂದ 2 ಸಿಎಫ್‌ಎಂ ಯಂತ್ರವೂ ಸಾಕು. ಬೊಂಬೆ, ಮಾಡೆಲ್‌ಗಳಿಗೆ ಬಣ್ಣ ಹಾಕುವ ಏರ್‌ಬ್ರಶ್ಶಿಗೆ ಒಂದು ಸಿಎಫ್‌ಎಂ ಕೂಡ ಬೇಡ. ಅರ್ಧ ಇಂಚಿನ ಇಂಪ್ಯಾಕ್ಟ್ ರೆಂಚ್ ಬಿಟ್ಟು ಬಿಟ್ಟು ಬಳಸಿದರೆ 4ರಿಂದ 5 ಸಿಎಫ್‌ಎಂ ಕೇಳುತ್ತದೆ.

ಕಷ್ಟ ಬರುವುದು ಸ್ಪ್ರೇ ಗನ್ನಿನಲ್ಲಿ. ಬಾಗಿಲು, ಮಂಚಗಳಿಗೆ ಬಳಸುವ ಎಚ್‌ವಿಎಲ್‌ಪಿ (ಹೆಚ್ಚು ಗಾಳಿ, ಕಡಿಮೆ ಒತ್ತಡದ) ಗನ್‌ಗಳು 8ರಿಂದ 12 ಸಿಎಫ್‌ಎಂ ಕುಡಿಯುತ್ತವೆ, ಅದೂ ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ. ಅದೇ ಕೆಲಸವನ್ನು ಕಡಿಮೆ ಗಾಳಿಯಲ್ಲಿ ಮಾಡುವಂತೆ ರೂಪಿಸಿದ ಎಲ್‌ವಿಎಲ್‌ಪಿ ಗನ್ನಿಗೆ 3ರಿಂದ 5 ಸಿಎಫ್‌ಎಂ ಸಾಕು. ಅದರ ವೇಗ ಸ್ವಲ್ಪ ಕಡಿಮೆ, ಆದರೆ ಮನೆಯಲ್ಲಿ ಒಂದು ಬಾಗಿಲಿಗೆ ಹತ್ತು ನಿಮಿಷ ಹೆಚ್ಚು ಹಿಡಿದರೆ ನಷ್ಟವೇನೂ ಇಲ್ಲ. ದೊಡ್ಡ ಕಂಪ್ರೆಸರಿಗೆ ಹಣ ಸುರಿಯುವ ಮೊದಲು ಗನ್ ಬದಲಾಯಿಸುವ ದಾರಿಯನ್ನು ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ತುಕ್ಕು ತೆಗೆಯುವ ಸ್ಯಾಂಡ್‌ಬ್ಲಾಸ್ಟಿಂಗ್ ಮಾತ್ರ ಮನೆಯ ಯಂತ್ರದ ಕೆಲಸವಲ್ಲ.

ಯಾವ ಕಂಪನಿದು ಒಳ್ಳೇದು?

ನಿಮ್ಮ ಊರಿನಲ್ಲಿ ಅಥವಾ ಹತ್ತಿರದ ದೊಡ್ಡ ಪೇಟೆಯಲ್ಲಿ ಯಾವ ಕಂಪನಿಯ ವಾಲ್ವ್ ಪ್ಲೇಟ್, ಪಿಸ್ಟನ್ ರಿಂಗ್, ಗ್ಯಾಸ್ಕೆಟ್ ಮತ್ತು ಪ್ರೆಷರ್ ಸ್ವಿಚ್ (ಒತ್ತಡ ನೋಡಿ ಮೋಟಾರನ್ನು ನಿಲ್ಲಿಸಿ ಹೊರಡಿಸುವ ಸ್ವಿಚ್) ಸಿಗುತ್ತವೆಯೋ ಅದು ಒಳ್ಳೆಯದು. 1960ರಲ್ಲಿ ಶುರುವಾದ ಕೊಯಮತ್ತೂರಿನ ಎಲ್ಜಿಯಂತಹ ಹಳೆಯ ತಯಾರಕರ ಸಣ್ಣ ಬೆಲ್ಟ್ ಯಂತ್ರಗಳನ್ನು ಪಂಕ್ಚರ್ ಅಂಗಡಿಗಳಲ್ಲಿ ನೀವು ನೋಡಿರುತ್ತೀರಿ. ಅಂತಹ ಅಂಗಡಿಯವರನ್ನು "ರಿಪೇರಿಗೆ ಯಾರನ್ನು ಕರೆಸ್ತೀರಿ?" ಎಂದು ಕೇಳಿ, ಆ ಉತ್ತರ ಯಾವ ಜಾಹೀರಾತಿಗಿಂತಲೂ ಉಪಯೋಗಕ್ಕೆ ಬರುತ್ತದೆ.

## ಅಳತೆ ಮತ್ತು ಬಗೆ

ಡಬ್ಬದ ಮೇಲೆ 8 ಸಿಎಫ್‌ಎಂ ಅಂತ ಇದೆ, ಆದ್ರೂ ಗನ್ ಉಸಿರು ಕಟ್ಟಿದ ಹಾಗೆ ಆಡುತ್ತೆ. ಮೋಸನಾ?

ಪೂರ್ತಿ ಮೋಸವಲ್ಲ, ಆದರೆ ಅರ್ಧ ಸತ್ಯ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಸಿಲಿಂಡರಿನೊಳಗಿನ ಎಷ್ಟು ಜಾಗವನ್ನು ಗುಡಿಸುತ್ತದೆಯೋ ಅದನ್ನು ಡಿಸ್‌ಪ್ಲೇಸ್‌ಮೆಂಟ್ ಎನ್ನುತ್ತಾರೆ, ಮತ್ತು ಹೆಚ್ಚಿನ ಡಬ್ಬಗಳ ಮೇಲೆ ಅಚ್ಚಾಗಿರುವುದು ಈ ಅಂಕಿಯೇ. ಬಿಸಿ, ವಾಲ್ವಿನ ಸೋರಿಕೆ, ಸಿಲಿಂಡರಿನ ತಲೆಯಲ್ಲಿ ಉಳಿದುಬಿಡುವ ಗಾಳಿ ಎಲ್ಲವನ್ನೂ ಕಳೆದ ಮೇಲೆ ನಿಜವಾಗಿ ಹೊರಗೆ ಬರುವ ಗಾಳಿಯನ್ನು ಎಫ್‌ಎಡಿ ಎನ್ನುತ್ತಾರೆ. ಸಣ್ಣ ಯಂತ್ರಗಳಲ್ಲಿ ಇದು ಮೊದಲ ಅಂಕಿಯ ಶೇ. 60ರಿಂದ 75ರಷ್ಟು ಮಾತ್ರ. ಎಂಟು ಎಂದು ಬರೆದಲ್ಲಿ ಐದೂವರೆ ಎಂದು ಓದಿಕೊಂಡರೆ ನೀವು ಹೆಚ್ಚು ತಪ್ಪುವುದಿಲ್ಲ.

ಇದನ್ನು ನೀವೇ ಅಳೆಯಬಹುದು. ಒಂದು ಮೊಬೈಲು ಸಾಕು. ಯಂತ್ರವನ್ನು ಓಡಲು ಬಿಟ್ಟು, ಗೇಜಿನ ಮುಳ್ಳು 4 ಬಾರ್ ದಾಟಿದಾಗ ಸ್ಟಾಪ್‌ವಾಚ್ ಒತ್ತಿ, 7 ಬಾರ್ ಮುಟ್ಟಿದಾಗ ನಿಲ್ಲಿಸಿ. ಟ್ಯಾಂಕಿನ ಲೀಟರನ್ನು ಏರಿದ ಒತ್ತಡದಿಂದ ಗುಣಿಸಿ, ಹಿಡಿದ ನಿಮಿಷಗಳಿಂದ ಭಾಗಿಸಿ. ಉದಾಹರಣೆಗೆ 50 ಲೀಟರಿನ ಟ್ಯಾಂಕು 4ರಿಂದ 7ಕ್ಕೆ ಏರಿದರೆ ಒಳಗೆ ಹೋದದ್ದು 150 ಲೀಟರ್ ಗಾಳಿ. ಅದಕ್ಕೆ 75 ಸೆಕೆಂಡ್ ಹಿಡಿದಿದ್ದರೆ ನಿಮಿಷಕ್ಕೆ 120 ಲೀಟರ್, ಅಂದರೆ ಸುಮಾರು 4.2 ಸಿಎಫ್‌ಎಂ. ಗಾಳಿ ಬಿಸಿಯಾಗಿರುವುದರಿಂದ ನಿಜದ ಅಂಕಿ ಇದಕ್ಕಿಂತ ತುಸು ಕಡಿಮೆಯೇ ಇರುತ್ತದೆ. ಒಳ್ಳೆಯ ಅಂಗಡಿಯವರು ಯಂತ್ರ ಓಡಿಸಿ ತೋರಿಸಲು ಹಿಂಜರಿಯುವುದಿಲ್ಲ. ಹಳೆಯ ಯಂತ್ರ ಮೊದಲಿನಂತೆ ಗಾಳಿ ಕೊಡುತ್ತಿಲ್ಲ ಎನಿಸಿದಾಗಲೂ ಇದೇ ಪರೀಕ್ಷೆ ಮಾಡಿ ಹಳೆಯ ಅಂಕಿಯೊಂದಿಗೆ ಹೋಲಿಸಬಹುದು. ಅದಕ್ಕಾಗಿ ಕೊಂಡ ದಿನದ ಅಂಕಿಯನ್ನು ಟ್ಯಾಂಕಿನ ಮೇಲೆಯೇ ಮಾರ್ಕರಿನಲ್ಲಿ ಬರೆದಿಡಿ.

ದೊಡ್ಡ ಟ್ಯಾಂಕ್ ಇದ್ರೆ ಚಿಕ್ಕ ಮೋಟಾರೇ ಸಾಕಲ್ವಾ?

ಟ್ಯಾಂಕು ಗಾಳಿಯನ್ನು ಕೂಡಿಡುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. 24 ಲೀಟರಿನ ಟ್ಯಾಂಕು 8ರಿಂದ 6 ಬಾರ್‌ಗೆ ಇಳಿಯುವಷ್ಟರಲ್ಲಿ 48 ಲೀಟರ್ ಗಾಳಿ ಕೊಡುತ್ತದೆ. ಪಿನ್ ಗನ್ನಿಗೆ ಅದು ನಲವತ್ತು ಐವತ್ತು ಮೊಳೆ, ಆದರೆ 10 ಸಿಎಫ್‌ಎಂ ಕುಡಿಯುವ ಸ್ಪ್ರೇ ಗನ್ನಿಗೆ ಹತ್ತು ಸೆಕೆಂಡಿನ ಮಾತು. ಬಿಟ್ಟು ಬಿಟ್ಟು ಮಾಡುವ ಕೆಲಸಕ್ಕೆ ದೊಡ್ಡ ಟ್ಯಾಂಕಿನಿಂದ ಲಾಭವಿದೆ, ಮೋಟಾರು ಪದೇ ಪದೇ ಆನ್ ಆಗುವುದು ತಪ್ಪುತ್ತದೆ. ಆದರೆ ಚಿಕ್ಕ ಮೋಟಾರಿಗೆ ತೀರಾ ದೊಡ್ಡ ಟ್ಯಾಂಕು ಕಟ್ಟಿದರೆ ಅದು ತುಂಬಿಸಲು ಬಹಳ ಹೊತ್ತು ಓಡಿ ಕಾಯುತ್ತದೆ. ಮನೆಯ ಪಿಸ್ಟನ್ ಯಂತ್ರಗಳು ಸಾಮಾನ್ಯವಾಗಿ ಅರ್ಧ ಹೊತ್ತು ಓಡಿ ಅರ್ಧ ಹೊತ್ತು ತಣಿಯಲೆಂದು ಮಾಡಿದವು. ಪಿನ್ ಗನ್ ಮತ್ತು ಸಣ್ಣ ಕೆಲಸಕ್ಕೆ 24 ಲೀಟರ್, ಸ್ಪ್ರೇ ಸೇರಿದರೆ 50ರಿಂದ 100 ಲೀಟರ್ ಎಂಬುದು ನನ್ನ ಅಭಿಪ್ರಾಯ.

ಆಯಿಲ್ ಹಾಕೋದು ತಗೊಳ್ಳಲಾ, ಆಯಿಲ್ ಫ್ರೀ ತಗೊಳ್ಳಲಾ?

ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಬಳಸುವವರಿಗೆ, ಯಂತ್ರವನ್ನು ಮೇಲೆ ಕೆಳಗೆ ಹೊತ್ತು ತಿರುಗುವವರಿಗೆ ಆಯಿಲ್ ಫ್ರೀ ಅನುಕೂಲ: ಅದರಲ್ಲಿ ಎಣ್ಣೆಯ ಉಸಾಬರಿ ಇಲ್ಲ, ಗಾಳಿಯಲ್ಲಿ ಎಣ್ಣೆಯ ಹನಿಯೂ ಬರುವುದಿಲ್ಲ. ದಿನವೂ ಗಂಟೆಗಟ್ಟಲೆ ಓಡಿಸುವವರಿಗೆ, ಹತ್ತು ಹದಿನೈದು ವರ್ಷ ಇಟ್ಟುಕೊಳ್ಳಬೇಕೆನ್ನುವವರಿಗೆ ಎಣ್ಣೆಯದು, ಅದರಲ್ಲೂ ಬೆಲ್ಟಿನ ಯಂತ್ರ. ಮೋಟಾರಿಗೆ ನೇರವಾಗಿ ಜೋಡಿಸಿದ ಸಣ್ಣ ಪಂಪು ನಿಮಿಷಕ್ಕೆ 2800ರ ಆಸುಪಾಸು ಸುತ್ತುತ್ತದೆ. ಬೆಲ್ಟು ಮತ್ತು ದೊಡ್ಡ ಗಾಲಿ ಇದ್ದರೆ ಪಂಪು ಅದರ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಓಡುವುದರಿಂದ ಬಿಸಿ, ಸವೆತ, ಸದ್ದು ಮೂರೂ ಇಳಿಯುತ್ತವೆ. ಬೆಲ್ಟಿನ ಮೇಲೆ ಜಾಲರಿ ಇಲ್ಲದ ಯಂತ್ರವನ್ನು ಮಕ್ಕಳಿರುವ ಮನೆಗೆ ತರಬೇಡಿ.

ಪಕ್ಕದ ಮನೆಯವರು ಬೈತಾರೆ. ಸದ್ದು ಮಾಡದೇ ಇರೋದು ಯಾವುದು?

ಹೊಸದಾಗಿ ಬಂದಿರುವ, ಎರಡು ಅಥವಾ ನಾಲ್ಕು ಪಿಸ್ಟನ್ನಿನ "ಸೈಲೆಂಟ್" ಆಯಿಲ್ ಫ್ರೀ ಯಂತ್ರಗಳು 60ರಿಂದ 70 ಡೆಸಿಬೆಲ್ ಸದ್ದು ಮಾಡುತ್ತವೆ. ಅದರ ಪಕ್ಕದಲ್ಲಿ ನಿಂತು ಮಾತಾಡಬಹುದು. ಹಳೆಯ ಬಗೆಯ ಆಯಿಲ್ ಫ್ರೀ ಯಂತ್ರಗಳು 90ರ ಹತ್ತಿರ ಹೋಗುತ್ತವೆ. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ 45 ಡೆಸಿಬೆಲ್ ಮಿತಿ ಇದೆ. ಯಂತ್ರದ ಕಾಲುಗಳ ಕೆಳಗೆ ದಪ್ಪ ರಬ್ಬರ್ ಇಟ್ಟು, ಗೋಡೆಗೆ ತಾಗಿಸದೆ, ನೆರೆಮನೆಯ ಮಲಗುವ ಕೋಣೆಗೆ ಬೆನ್ನು ಮಾಡಿ ಇಟ್ಟರೆ ಬಹಳಷ್ಟು ಸದ್ದು ತಗ್ಗುತ್ತದೆ. ಸದ್ದಿಗೆ ಹೆದರಿ ಅದನ್ನು ಪೆಟ್ಟಿಗೆಯೊಳಗೆ ಮುಚ್ಚಿಡಬೇಡಿ. ಗಾಳಿಯಾಡದಿದ್ದರೆ ಮೋಟಾರು ಸುಡುತ್ತದೆ.

## ಕರೆಂಟು ಮತ್ತು ಹಳೆಯ ಯಂತ್ರಗಳು

ನಮ್ಮ ಕಡೆ ಸಂಜೆ ವೋಲ್ಟೇಜ್ 180ಕ್ಕೆ ಇಳಿಯುತ್ತೆ. ಕಂಪ್ರೆಸರ್ ಓಡುತ್ತಾ?

ಓಡುತ್ತಿರುವುದು ಓಡಬಹುದು, ನಿಂತದ್ದು ಹೊರಡುವುದಿಲ್ಲ. ಇಂಡಕ್ಷನ್ ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ 230ರ ಬದಲು 180 ಬಂದಾಗ ಉಳಿಯುವುದು ಸುಮಾರು ಶೇ. 61ರಷ್ಟು ಬಲ ಮಾತ್ರ. ಮೋಟಾರು ಗುಂಯ್ ಎನ್ನುತ್ತಾ ನಿಂತಲ್ಲೇ ನಿಂತರೆ ಕೂಡಲೇ ಆಫ್ ಮಾಡಿ, ಇಲ್ಲವಾದರೆ ಮೊದಲು ಕ್ಯಾಪಾಸಿಟರ್, ಆಮೇಲೆ ವೈಂಡಿಂಗ್ ಹೋಗುತ್ತದೆ.

ವೋಲ್ಟೇಜ್ ಸರಿಯಿದ್ದೂ ಹೀಗಾದರೆ ಪ್ರೆಷರ್ ಸ್ವಿಚ್ಚಿನ ಕಡೆ ಕಿವಿಗೊಡಿ. ಯಂತ್ರ ನಿಂತ ಕ್ಷಣ "ಸುಸ್ಸ್" ಎಂಬ ಸಣ್ಣ ಸದ್ದು ಬರಬೇಕು. ಅದು ಅನ್‌ಲೋಡರ್ ವಾಲ್ವ್ ಪಂಪಿನ ತಲೆಯಲ್ಲಿನ ಒತ್ತಡವನ್ನು ಬಿಟ್ಟುಕೊಡುವ ಸದ್ದು, ಅದರಿಂದಾಗಿಯೇ ಮುಂದಿನ ಬಾರಿ ಮೋಟಾರು ಹಗುರವಾಗಿ ಹೊರಡುತ್ತದೆ. ಆ ಸದ್ದು ಬರದಿದ್ದರೆ ದೋಷ ಮೋಟಾರಿನದಲ್ಲ.

ಮನೆಯ ಸಿಂಗಲ್ ಫೇಸಿಗೆ ನಿಜವಾದ 3 ಎಚ್‌ಪಿ ಹೆಚ್ಚುಕಡಿಮೆ ಕೊನೆಯ ಮಿತಿ, ಅದು 14 ಆಂಪಿಯರ್‌ನಷ್ಟು ಎಳೆಯುತ್ತದೆ. ಎರಡು ಎಚ್‌ಪಿಯ ಯಂತ್ರಕ್ಕೂ 16 ಆಂಪಿಯರ್ ಸಾಕೆಟ್, 2.5 ಚದರ ಮಿಲಿಮೀಟರಿನ ವೈರು ಮತ್ತು ಪ್ರತ್ಯೇಕ ಸಿ ಬಗೆಯ ಎಂಸಿಬಿ ಹಾಕಿಸಿ.

ಅಂಗಳದಲ್ಲಿ ಕೆಲಸ ಇದೆ, ಎಕ್ಸ್‌ಟೆನ್ಷನ್ ಬಾಕ್ಸ್‌ನಿಂದ ಕೊಡಬಹುದಾ?

ಕೊಡಬೇಡಿ. ವೈರು ಉದ್ದವಾದಷ್ಟೂ ವೋಲ್ಟೇಜ್ ಬೀಳುತ್ತದೆ. ಕಂಪ್ರೆಸರ್ ಸಾಕೆಟ್ಟಿನ ಬಳಿಯೇ ಇರಲಿ, ಗಾಳಿಯ ಪೈಪು ಉದ್ದವಾಗಲಿ.

ಸೆಕೆಂಡ್ ಹ್ಯಾಂಡ್ ಸಿಕ್ಕಿದೆ. ಏನೇನು ನೋಡಲಿ?

ಮೊದಲು ಟ್ಯಾಂಕಿನ ಹೊಟ್ಟೆಯ ಕೆಳಗಿರುವ ಡ್ರೈನ್ ಕಾಕ್ ತೆಗೆದು ನೋಡಿ. ತಿಳಿನೀರು ಬಂದರೆ ಸರಿ. ಕಷಾಯದ ಬಣ್ಣದ ನೀರಿನ ಜೊತೆ ತುಕ್ಕಿನ ಚಕ್ಕೆ ಬಂದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ, ಏಕೆಂದರೆ ಟ್ಯಾಂಕು ಒಳಗಿನಿಂದ ಸವೆಯುತ್ತದೆ ಮತ್ತು ಹೊರಗಿನ ಹೊಸ ಪೇಂಟು ಅದನ್ನು ಮುಚ್ಚಿಡುತ್ತದೆ. ಸಣ್ಣ ತೂತಿಗೆ ವೆಲ್ಡಿಂಗ್ ಹಾಕಿಸಿದ ಟ್ಯಾಂಕನ್ನಂತೂ ಮನೆಯೊಳಗೆ ತರಲೇಬಾರದು. ಪಂಪಿನ ಎಣ್ಣೆ ಹಾಲು ಬೆರೆಸಿದಂತಿದ್ದರೆ ಅದರಲ್ಲಿ ನೀರು ಸೇರಿದೆ ಎಂದರ್ಥ. ಸೇಫ್ಟಿ ವಾಲ್ವಿನ ಉಂಗುರವನ್ನು ಎಳೆದು ಗಾಳಿ ಬಿಡುತ್ತದೆಯೇ ನೋಡಿ. ಮಾರುವವರು ಒಪ್ಪಿದರೆ ಟ್ಯಾಂಕಿಗೆ ನೀರು ತುಂಬಿ ಒತ್ತಡದ ಪರೀಕ್ಷೆ ಮಾಡಿಸುವುದು ಎಲ್ಲಕ್ಕಿಂತ ಉತ್ತಮ. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಟ್ಯಾಂಕು ಬಿರಿದರೂ ಸಿಡಿಯುವುದಿಲ್ಲ.

ಹಳೇ ಫ್ರಿಜ್ಜಿನ ಕಂಪ್ರೆಸರಿಗೆ ಗ್ಯಾಸ್ ಸಿಲಿಂಡರ್ ಸೇರಿಸಿ ಮಾಡ್ಕೋಬಹುದು ಅಂತಾರಲ್ಲ?

ಫ್ರಿಜ್ಜಿನ ಪಂಪು ಸದ್ದಿಲ್ಲದೆ ಓಡುತ್ತದೆ, ಆದರೆ ಅದು ಕೊಡುವ ಗಾಳಿ ಏರ್‌ಬ್ರಶ್ಶಿಗಷ್ಟೇ ಸಾಕು ಮತ್ತು ಜೊತೆಯಲ್ಲಿ ತನ್ನ ಎಣ್ಣೆಯನ್ನೂ ಉಗುಳುತ್ತದೆ. ಸಿಲಿಂಡರಿನ ಮಾತನ್ನು ಮಾತ್ರ ದಯವಿಟ್ಟು ಮರೆತುಬಿಡಿ. ಅಡುಗೆ ಅನಿಲದ ಸಿಲಿಂಡರ್ ಗ್ಯಾಸ್ ಕಂಪನಿಯ ಸ್ವತ್ತು, ಅದನ್ನು ಕೊರೆಯುವುದಾಗಲಿ ಬೆಸುಗೆ ಹಾಕುವುದಾಗಲಿ ಕಾನೂನಿಗೆ ವಿರುದ್ಧ, ಮತ್ತು ಒಳಗೆ ಉಳಿದ ಸ್ವಲ್ಪವೇ ಅನಿಲಕ್ಕೆ ವೆಲ್ಡಿಂಗ್ ಕಿಡಿ ಸಾಕು. ಅದರಲ್ಲಿ ಕೆಳಗಿನಿಂದ ನೀರು ಬಸಿಯುವ ದಾರಿಯೂ ಇರುವುದಿಲ್ಲ.

## ನೀರು, ಎಣ್ಣೆ, ಪೈಪು

ಮಳೆಗಾಲದಲ್ಲಿ ಪಾಲಿಶ್ ಕೆಟ್ಟುಹೋಗುತ್ತೆ. ಕಂಪ್ರೆಸರ್ ಬದಲಾಯಿಸಲಾ?

ಮಲೆನಾಡು ಮತ್ತು ಕರಾವಳಿಯವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು, ನಾನೂ ಒಂದು ಜೋಡಿ ಬಾಗಿಲನ್ನು ಕೆಡಿಸಿಕೊಂಡೇ ಇದರ ಉತ್ತರ ಕಲಿತೆ. ಜುಲೈ ತಿಂಗಳಿನ ನಮ್ಮ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 20 ಗ್ರಾಂ ನೀರಿನ ಆವಿ ಇರುತ್ತದೆ. ನಿಮಿಷಕ್ಕೆ 100 ಲೀಟರ್ ಎಳೆಯುವ ಯಂತ್ರ ಒಂದು ಗಂಟೆ ಓಡಿದರೆ 6 ಘನ ಮೀಟರ್ ಗಾಳಿಯ ಜೊತೆ 120 ಗ್ರಾಂ ನೀರನ್ನೂ ಒಳಗೆಳೆದುಕೊಳ್ಳುತ್ತದೆ. ಆ ಗಾಳಿಯನ್ನು 7 ಬಾರ್‌ಗೆ ಒತ್ತಿ ತಣಿಸಿದಾಗ ಅದು ಹಿಡಿದಿಡಬಲ್ಲದ್ದು 16 ಗ್ರಾಂ ಮಾತ್ರ, ಉಳಿದ ನೂರು ಗ್ರಾಂ ನೀರಾಗಿ ಬೀಳಲೇಬೇಕು. ಬಾಗಿಲು ಕೆಟ್ಟ ಆ ದಿನ ಸಂಜೆ ನಾನು ಡ್ರೈನ್ ಕಾಕ್ ತಿರುಗಿಸಿದಾಗ ಕೆಳಗಿಟ್ಟ ಸ್ಟೀಲ್ ಲೋಟ ಅರ್ಧ ತುಂಬಿತು.

ಆದರೆ ಎರಡು ಬಗೆಯ ಕೇಡುಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಮೇಲ್ಮೈಯಲ್ಲಿ ಅಲ್ಲಲ್ಲಿ ಮೀನಿನ ಕಣ್ಣಿನಂತಹ ಗುಂಡಿ, ಬೊಕ್ಕೆ ಬಿದ್ದರೆ ಅದು ಪೈಪಿನಲ್ಲಿ ಬಂದ ನೀರು ಅಥವಾ ಎಣ್ಣೆ. ಇಡೀ ಮೇಲ್ಮೈ ಹಾಲಿನ ಕೆನೆಯಂತೆ ಬಿಳಿಚಿದರೆ ಅದಕ್ಕೆ ಕಂಪ್ರೆಸರ್ ಹೊಣೆಯಲ್ಲ: ಥಿನ್ನರ್ ಬೇಗ ಆರಿ ಮೇಲ್ಮೈ ತಣ್ಣಗಾಗಿ, ಸುತ್ತಲಿನ ತೇವ ಅದರ ಮೇಲೆ ಕುಳಿತಿದೆ. ಎರಡನೆಯದಕ್ಕೆ ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರ್ ಅಥವಾ ಬಿಸಿಲಿನ ದಿನವೇ ಮದ್ದು, ಹೊಸ ಯಂತ್ರವಲ್ಲ.

ಮೊದಲನೆಯದಕ್ಕೆ ನೀರು ಹಿಡಿಯುವ ಫಿಲ್ಟರ್ ಬೇಕು. ಬಹಳ ಜನ ಅದನ್ನು ಟ್ಯಾಂಕಿನ ಬಾಯಿಗೇ ಜೋಡಿಸುತ್ತಾರೆ; ಅಲ್ಲಿ ಗಾಳಿ ಇನ್ನೂ ಬೆಚ್ಚಗಿರುವುದರಿಂದ ನೀರು ಆವಿಯಾಗಿಯೇ ದಾಟಿ, ಮುಂದೆ ಪೈಪಿನಲ್ಲಿ ಹನಿಯಾಗುತ್ತದೆ. ಎಂಟು ಹತ್ತು ಮೀಟರ್ ಪೈಪಿನಲ್ಲಿ ಹರಿದು ತಣಿದ ಮೇಲೆ, ಗನ್ನಿಗೆ ಹತ್ತಿರದಲ್ಲಿ ಫಿಲ್ಟರ್ ಹಾಕಿ. ಟ್ಯಾಂಕಿನ ನೀರನ್ನು ಪ್ರತಿದಿನ ಕೆಲಸ ಮುಗಿದ ಮೇಲೆ ಬಿಡಿ.

ಯಾವ ಎಣ್ಣೆ ಹಾಕಲಿ? ಬೈಕಿನ ಆಯಿಲ್ ಮಿಕ್ಕಿದೆ.

ಅದು ಬೇಡ. ಎಂಜಿನ್ ಆಯಿಲಿನಲ್ಲಿರುವ ಡಿಟರ್ಜೆಂಟ್ ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಹವೆಗೆ ಸಾಮಾನ್ಯವಾಗಿ ವಿಜಿ 100 ದರ್ಜೆಯ ಕಂಪ್ರೆಸರ್ ಆಯಿಲ್ ಸರಿ. ಯಂತ್ರದ ಪುಸ್ತಕ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಹೊಸ ಯಂತ್ರದ ಮೊದಲ ಎಣ್ಣೆಯನ್ನು ಬೇಗ, 50 ಗಂಟೆಗಳಾಗುವಷ್ಟರಲ್ಲಿ ಬದಲಾಯಿಸಿ.

ಪ್ಲಂಬರ್ ಪಿವಿಸಿ ಪೈಪ್ ಹಾಕಿ ಲೈನ್ ಎಳೀತೀನಿ ಅಂತಾನೆ. ಸರೀನಾ?

ಸರಿಯಲ್ಲ. ಪಿವಿಸಿ ವಯಸ್ಸಾದಂತೆ ಪೆಡಸಾಗುತ್ತದೆ. ನೀರಿದ್ದಾಗ ಒಡೆದರೆ ಸೋರುತ್ತದೆ, ಒತ್ತಿದ ಗಾಳಿಯಿದ್ದಾಗ ಒಡೆದರೆ ಚೂಪು ಚೂರುಗಳಾಗಿ ಸಿಡಿಯುತ್ತದೆ. ಜಿಐ ಪೈಪು ಹಾಕಿಸಿ, ಅಥವಾ ಒತ್ತಡ ನಮೂದಿಸಿದ ರಬ್ಬರ್ ಹೋಸಿನಲ್ಲೇ ಕೆಲಸ ನಡೆಸಿ. ಜಿಐ ಲೈನಿಗೆ ಸ್ವಲ್ಪ ಇಳಿಜಾರು ಕೊಟ್ಟು, ತುದಿಯಲ್ಲಿ ನೀರು ಬಿಡುವ ಕಾಕ್ ಇರಿಸಿ, ಟೂಲಿಗೆ ಹೋಗುವ ಕವಲನ್ನು ಪೈಪಿನ ಮೇಲ್ಭಾಗದಿಂದ ತೆಗೆಯಬೇಕು.

ಕೆಲಸ ಆದ್ಮೇಲೆ ಮೈಮೇಲಿನ ಧೂಳು ಅದರಲ್ಲೇ ಹೊಡ್ಕೋಬಹುದಾ?

ಖಂಡಿತ ಕೂಡದು. ಸಣ್ಣ ಗಾಯದ ಮೂಲಕ ಗಾಳಿ ರಕ್ತಕ್ಕೆ ಸೇರಬಹುದು, ಕಣ್ಣು, ಕಿವಿ ಹೋಗಬಹುದು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಒಂದು ಬೈಕ್ ಸರ್ವಿಸ್ ಸೆಂಟರಿನಲ್ಲಿ ತಮಾಷೆಗೆಂದು ಗೆಳೆಯ ಹಿಡಿದ ಏರ್ ಪೈಪಿನಿಂದ ಯುವಕನೊಬ್ಬ ಜೀವ ಕಳೆದುಕೊಂಡ. ಇದನ್ನು ಮನೆಯ ಮಕ್ಕಳಿಗೆ ಕೂರಿಸಿಕೊಂಡು ಹೇಳಿ.

## ಇನ್ನಷ್ಟು ಆಳಕ್ಕೆ ಹೋದವರಿಗೆ

ಬೆಂಗಳೂರಲ್ಲಿ ಟ್ಯಾಂಕ್ ತುಂಬೋಕೆ ಹೆಚ್ಚು ಹೊತ್ತು ಹಿಡಿಯುತ್ತೆ, ಮಂಗಳೂರಲ್ಲಿ ಇದೇ ಯಂತ್ರ ಬೇಗ ತುಂಬುತ್ತಿತ್ತು. ಭ್ರಮೆನಾ?

ಭ್ರಮೆಯಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದು, ಅಲ್ಲಿನ ಗಾಳಿಯ ಒತ್ತಡ ಸುಮಾರು 0.91 ಬಾರ್, ಅಂದರೆ ಮಂಗಳೂರಿಗಿಂತ ಶೇ. 10ರಷ್ಟು ಕಡಿಮೆ. ಪಿಸ್ಟನ್ನಿನ ಪ್ರತಿ ಸುತ್ತಿಗೂ ಅಷ್ಟು ತೆಳುವಾದ ಗಾಳಿ ಸಿಗುವುದರಿಂದ ಗೇಜಿನಲ್ಲಿ ಅದೇ 8 ಬಾರ್ ತೋರಿಸಲು ಹೆಚ್ಚು ಸುತ್ತು ಬೇಕು. ಮಡಿಕೇರಿ, ಚಿಕ್ಕಮಗಳೂರಿನವರೂ ಈ ಇಳಿಕೆಯನ್ನು ಲೆಕ್ಕಕ್ಕೆ ಹಿಡಿದೇ ಯಂತ್ರ ಆರಿಸಬೇಕು.

ಪ್ರೆಷರ್ ಸ್ವಿಚ್ ತಿರುಗಿಸಿ 10 ಬಾರ್‌ಗೆ ಏರಿಸಿದರೆ ಗಾಳಿ ಜಾಸ್ತಿ ಸಿಗುತ್ತಾ?

ಟ್ಯಾಂಕು, ಪಂಪು, ಸೇಫ್ಟಿ ವಾಲ್ವ್ ಮೂರೂ 8 ಬಾರ್‌ಗೆ ಮಾಡಿದ್ದರೆ ಅದನ್ನು ಮುಟ್ಟಬಾರದು. ಒತ್ತಡ ಏರಿದಷ್ಟೂ ಪಂಪಿನ ಎಫ್‌ಎಡಿ ಇಳಿಯುತ್ತದೆ, ಪ್ರತಿ ಒಂದು ಬಾರ್‌ಗೆ ಸುಮಾರು ಶೇ. 7ರಷ್ಟು ಹೆಚ್ಚು ಕರೆಂಟು ಖರ್ಚಾಗುತ್ತದೆ. ನಾನು ತಿರುಗಿಸಿರುವುದು ಕೆಳಮುಖವಾಗಿ: ಸ್ಪ್ರೇ ಕೆಲಸದ ದಿನಗಳಲ್ಲಿ ಕಟ್‌ಔಟನ್ನು (ಮೋಟಾರು ತಾನಾಗಿ ನಿಲ್ಲುವ ಒತ್ತಡ) 6 ಬಾರ್‌ಗೆ ಇಳಿಸುತ್ತೇನೆ, ಪಂಪು ತಣ್ಣಗೆ ಓಡುತ್ತದೆ.

ಒಂದು ದೊಡ್ಡದರ ಬದಲು ಎರಡು ಸಣ್ಣದನ್ನ ಜೋಡಿಸಿದ್ರೆ ಹೇಗೆ?

ಇದು ಒಳ್ಳೆಯ ಉಪಾಯ, ನನ್ನ ಶೆಡ್ಡಿನಲ್ಲಿ ಈಗ ಇರುವ ವ್ಯವಸ್ಥೆಯೂ ಇದೇ. ಎರಡು ಯಂತ್ರಗಳ ಗಾಳಿಯನ್ನು ಒಂದು ಟೀ ಜೋಡಣೆಯಲ್ಲಿ ಕೂಡಿಸಿದರೆ ಅವುಗಳ ಎಫ್‌ಎಡಿ ಕೂಡಿಕೊಳ್ಳುತ್ತದೆ, ಒತ್ತಡ ಕೂಡುವುದಿಲ್ಲ. ಪ್ರತಿಯೊಂದರ ಸಾಲಿನಲ್ಲೂ ಗಾಳಿ ಹಿಂದಕ್ಕೆ ಹರಿಯದಂತೆ ತಡೆಯುವ ಒಂದು ನಾನ್ ರಿಟರ್ನ್ ವಾಲ್ವ್ ಇರಲಿ, ಎರಡನ್ನೂ ಬೇರೆ ಬೇರೆ ಎಂಸಿಬಿಯ ಸಾಕೆಟ್ಟಿಗೆ ಕೊಡಿ, ಮತ್ತು ಒಂದರ ಕಟ್‌ಇನ್ ಒತ್ತಡವನ್ನು (ಮೋಟಾರು ಮತ್ತೆ ಹೊರಡುವ ಒತ್ತಡ) ಇನ್ನೊಂದಕ್ಕಿಂತ ಅರ್ಧ ಬಾರ್ ಕೆಳಗೆ ಇಡಿ, ಆಗ ಎರಡು ಮೋಟಾರುಗಳು ಒಟ್ಟಿಗೆ ಹೊರಟು ಮನೆಯ ದೀಪಗಳನ್ನು ಮಂಕಾಗಿಸುವುದಿಲ್ಲ. ಪಿನ್ ಗನ್ನಿನ ದಿನ ಒಂದೇ ಓಡಿದರೆ ಸಾಕು. ಒಂದು ಕೆಟ್ಟ ದಿನವೂ ಕೆಲಸ ನಿಲ್ಲುವುದಿಲ್ಲ.